ಸ್ಪೀಡ್ ಬೋಟ್ ಎಂಜಿನ್‌ಗೆ ಪೆಟ್ರೋಲ್ ಸಾಲದಾದಾಗ

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿ. ದೋಣಿಯ ಎಂಜಿನ್ ಬಗ್ಗೆ ಬರೆಯುತ್ತೇನೆ ಎಂದಾಗ ಸೈನ್ಸ್ ವಿಭಾಗದ ಗೆಳೆಯರು ನಕ್ಕರು. ಆದರೆ ಮಲ್ಪೆ ಬಂದರಿನ ಹತ್ತಿರ ನನ್ನ ಮಾಮುವಿಗೆ ಔಟ್‌ಬೋರ್ಡ್ ಎಂಜಿನ್ ರಿಪೇರಿಯ ಸಣ್ಣ ಅಂಗಡಿ ಇದೆ. ಎಸ್ಸೆಸ್ಸೆಲ್ಸಿ ಮುಗಿದಾಗಿನಿಂದ ಪ್ರತಿ ರಜೆಯಲ್ಲೂ ನಾನು ಅಲ್ಲಿ ಬಿಲ್ ಬರೆಯುತ್ತೇನೆ, ಕೇಳಿದ ಸ್ಪ್ಯಾನರ್ ಎತ್ತಿ ಕೊಡುತ್ತೇನೆ, ಮಾಮು ಒಪ್ಪಿದರೆ ನಾಲ್ಕು ನಟ್ಟು ಬಿಚ್ಚುತ್ತೇನೆ. ಕಳೆದ ದಸರಾ ರಜೆಯಲ್ಲಿ ಅವರನ್ನು ಕೇಳದೆಯೇ ಕೆಲವು ನಟ್ಟು ಬಿಚ್ಚಿದೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಗುರುವಾರ ಬಂದ ಗಿರಾಕಿ ಪ್ರವಾಸಿಗರನ್ನು ಸಮುದ್ರದಲ್ಲಿ ಒಂದು ಸುತ್ತು ಹಾಕಿಸುವ ಸ್ಪೀಡ್ ಬೋಟಿನ ಮಾಲೀಕರು. ಎಂಜಿನ್ 75 ಅಶ್ವಶಕ್ತಿಯದು. ಎರಡು ಸ್ಟ್ರೋಕ್, ಮೂರು ಸಿಲಿಂಡರ್, ಮೂರು ಕಾರ್ಬ್ಯುರೇಟರ್. ಅವರ ದೂರನ್ನು ಜಾಬ್ ಕಾರ್ಡಿನಲ್ಲಿ ನಾನೇ ಬರೆದುಕೊಂಡೆ: ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ನಿಧಾನವಾಗಿ ಹೋದರೆ ಏನೂ ತೊಂದರೆಯಿಲ್ಲ. ಥ್ರಾಟಲ್ ಪೂರ್ತಿ ಕೊಟ್ಟರೆ 5,000 ಆರ್‌ಪಿಎಂ ಮುಟ್ಟಿ ಎರಡು ನಿಮಿಷ ಹಾರುತ್ತದೆ. ಆಮೇಲೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದ ಹಾಗೆ 3,000ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಮೆಲ್ಲಗೆ ಓಡಿಸಿದರೆ ಮತ್ತೆ ಎರಡು ನಿಮಿಷ ಸರಿ. ಬೇರೆ ಕಡೆ ತೋರಿಸಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಪೆಟ್ರೋಲ್ ಪಂಪನ್ನೂ ಹೊಸದು ಹಾಕಿಸಿಯಾಗಿತ್ತು. ಗುಣ ಕಂಡಿರಲಿಲ್ಲ. ದಸರಾ ರಜೆಯ ಶನಿವಾರ, ಭಾನುವಾರ ಎದುರಿಗಿತ್ತು. ವರ್ಷದಲ್ಲಿ ಕಡಲು ತೆರೆದಿರುವ ತಿಂಗಳುಗಳೇ ಕಡಿಮೆ, ಅದರಲ್ಲೂ ಇಂಥ ವಾರಾಂತ್ಯ ಎಷ್ಟು ಸಿಗುತ್ತವೆ?

ಮಾಮು ಅಂದು ಕುಂದಾಪುರದಲ್ಲಿ ಒಂದು ಮದುವೆಗೆ ಹೋಗಿದ್ದರು. ನನಗೆ ಕಾರಣ ಹೊಳೆದೇ ಬಿಟ್ಟಿತು. ಮಳೆಗಾಲವಿಡೀ ದೋಣಿ ಶೆಡ್ಡಿನಲ್ಲಿ ನಿಂತಿತ್ತು, ಕಾರ್ಬ್ಯುರೇಟರಿನ ಪೆಟ್ರೋಲ್ ಒಣಗಿ ಅಂಟಾಗಿದೆ, ಜೆಟ್ ಕಟ್ಟಿಕೊಂಡಿದೆ. ಅಂಗಡಿಯ ಹುಡುಗನೂ ತಲೆಯಾಡಿಸಿದ. ಇಬ್ಬರೂ ಸೇರಿ ಮೂರೂ ಕಾರ್ಬ್ಯುರೇಟರ್ ಇಳಿಸಿ ಬಿಚ್ಚಿದೆವು. ಒಳಗೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಜೋಡಿಸುವಾಗ ಒಂದು ಬಟ್ಟಲಿನ ಗ್ಯಾಸ್ಕೆಟ್ ಹರಿಯಿತು. ಆ ಮಾದರಿಯ ಗ್ಯಾಸ್ಕೆಟ್ ಮಂಗಳೂರಿನಿಂದ ಬರಬೇಕು, ಬರುವುದು ಶುಕ್ರವಾರ ಸಂಜೆ.

ರಾತ್ರಿ ಬಂದ ಮಾಮು ನನ್ನನ್ನು ಬೈಯಲಿಲ್ಲ. ಬೋಟಿನ ಚಾಲಕನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: ವೇಗ ಬಿದ್ದಾಗ ಬಲ್ಬ್ ಒತ್ತಿ ನೋಡಿದ್ದೀಯಾ? ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಗೊತ್ತಾಯಿತು, ಎರಡು ವಾರದಿಂದ ಒಬ್ಬ ಹುಡುಗನನ್ನು ಬರೀ ಬಲ್ಬ್ ಒತ್ತುವುದಕ್ಕೇ ಹಿಂದೆ ಕೂರಿಸಿಕೊಂಡು ಟ್ರಿಪ್ ಹೊಡೆಯುತ್ತಿದ್ದರು! ಅವನು ಒತ್ತುತ್ತಿದ್ದರೆ ದೋಣಿ ಓಡುತ್ತದೆ, ಅವನ ಕೈ ಸೋತರೆ ಬೀಳುತ್ತದೆ. ನನ್ನ ಜಾಬ್ ಕಾರ್ಡಿನಲ್ಲಿ ಈ ಒಂದು ಸಾಲು ಇದ್ದಿದ್ದರೆ ಕಾರ್ಬ್ಯುರೇಟರಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಏಕೆ ಎಂದು ತಿಳಿಯಬೇಕಾದರೆ ಪೆಟ್ರೋಲ್ ಬರುವ ದಾರಿ ಗೊತ್ತಿರಬೇಕು.

ಟ್ಯಾಂಕಿನಿಂದ ಸಿಲಿಂಡರಿನವರೆಗೆ

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಕಚ್ಚಿಸುವ ಎಂಜಿನ್. ಟ್ಯಾಂಕ್ ದೋಣಿಯೊಳಗೆ ಬೇರೆಯಾಗಿ ಇರುತ್ತದೆ. ಟ್ಯಾಂಕಿನ ತಳದವರೆಗೆ ಇಳಿದ ಒಂದು ಕೊಳವೆ, ಅದರ ತುದಿಗೆ ಜರಡಿ. ಟ್ಯಾಂಕಿನ ಮೇಲೆ ಗಾಳಿ ಒಳಗೆ ಬರಲು ಸಣ್ಣ ತೂತು, ಅಂದರೆ ವೆಂಟ್. ಅಲ್ಲಿಂದ ರಬ್ಬರ್ ಹೋಸ್, ಹೋಸಿನ ನಡುವೆ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ರಬ್ಬರ್ ಬಲ್ಬ್. ಬಲ್ಬಿನ ಎರಡೂ ಬಾಯಲ್ಲಿ ಒಮ್ಮುಖ ಕವಾಟಗಳಿವೆ. ಒತ್ತಿದರೆ ಪೆಟ್ರೋಲ್ ಎಂಜಿನ್ ಕಡೆಗೇ ಹೋಗುತ್ತದೆ, ಬಿಟ್ಟರೆ ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಬಲ್ಬ್ ಮೇಲಿನ ಬಾಣದ ಗುರುತು ಎಂಜಿನ್ ಕಡೆ ನೋಡುತ್ತಿರಬೇಕು. ಉಲ್ಟಾ ಹಾಕಿಕೊಂಡು ಬಂದವರನ್ನೂ ನಾನು ಕಂಡಿದ್ದೇನೆ. ಬಲ್ಬ್ ಇರುವುದು ಸ್ಟಾರ್ಟ್ ಮಾಡುವ ಮೊದಲು ದಾರಿ ತುಂಬಿಸಿಕೊಳ್ಳಲು ಮಾತ್ರ. ಆಮೇಲೆ ಎಂಜಿನ್ ತಾನೇ ಎಳೆದುಕೊಳ್ಳಬೇಕು.

ಬಲ್ಬಿನಿಂದ ಮತ್ತೆ ಹೋಸ್, ಎಂಜಿನ್‌ಗೆ ಸಿಕ್ಕಿಸುವ ಕನೆಕ್ಟರ್, ಅದರೊಳಗೆ ಒಂದು ಓ-ರಿಂಗ್, ನಂತರ ಫಿಲ್ಟರ್, ನಂತರ ಪಂಪು. ಎರಡು ಸ್ಟ್ರೋಕ್ ಎಂಜಿನ್‌ನ ಪಂಪಿಗೆ ಮೋಟಾರ್ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿಳಿಯುತ್ತದೆ, ಆ ಮಿಡಿತಕ್ಕೆ ಒಂದು ತೆಳು ಪೊರೆ ಕುಣಿಯುತ್ತದೆ, ಅದೇ ಪಂಪು. ಅಲ್ಲಿಂದ ಮೂರು ಕಾರ್ಬ್ಯುರೇಟರಿನ ಮೂರು ಬಟ್ಟಲುಗಳಿಗೆ. ಬಟ್ಟಲಿನಲ್ಲಿ ತೇಲುವ ಫ್ಲೋಟ್ ನಮ್ಮ ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಮಟ್ಟ ತುಂಬಿದರೆ ಬಾಗಿಲು ಮುಚ್ಚುತ್ತದೆ.

ಈ ದಾರಿಯಲ್ಲಿ ನೆನಪಿಡಬೇಕಾದ ಗಡಿ ಪಂಪು. ಪಂಪಿನ ಹಿಂದೆ ಎಲ್ಲವೂ ಎಳೆತದ ಭಾಗ, ಮುಂದೆ ಎಲ್ಲವೂ ತಳ್ಳುವ ಭಾಗ. ತಳ್ಳುವ ಭಾಗದಲ್ಲಿ ತೂತಿದ್ದರೆ ಪೆಟ್ರೋಲ್ ಹೊರಗೆ ಸೋರಿ ವಾಸನೆ ಬರುತ್ತದೆ, ಸಿಕ್ಕಿಬೀಳುತ್ತದೆ. ಎಳೆತದ ಭಾಗದ ತೂತಿನಲ್ಲಿ ಹೊರಗೆ ಏನೂ ಕಾಣದಿರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತಿರುತ್ತದೆ.

ಆರಂಭಿಕ ಶಿಲ್ಕು, ಜಮಾ, ಖರ್ಚು

ಶುಕ್ರವಾರ ಜುಮಾ ನಮಾಜ್ ಮುಗಿಸಿ ಬಂದು ಗ್ಯಾಸ್ಕೆಟ್ ಕಾಯುತ್ತ ಕುಳಿತಿದ್ದಾಗ ನಾನು ಕೇಳಿದೆ: ದಾರಿ ಕಟ್ಟಿಕೊಂಡಿದ್ದರೆ ಎರಡು ನಿಮಿಷ ಮಾತ್ರ ಹೇಗೆ ಸರಿಯಾಗಿ ಓಡುತ್ತದೆ? ಮಾಮು ನನ್ನ ಬಿಲ್ ಪುಸ್ತಕ ಎಳೆದುಕೊಂಡು, ನೀನು ಓದುವುದು ಇದನ್ನೇ ಅಲ್ಲವೇ ಎಂದರು.

ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿ ಎಷ್ಟು ಕುಡಿಯುತ್ತದೆ ಎನ್ನುವುದಕ್ಕೆ ದೋಣಿಯವರಲ್ಲಿ ಒಂದು ಅಂದಾಜು ಲೆಕ್ಕವಿದೆ. ಅಶ್ವಶಕ್ತಿಯ ಹತ್ತನೇ ಒಂದು ಭಾಗದಷ್ಟು ಅಮೆರಿಕನ್ ಗ್ಯಾಲನ್, ಒಂದು ಗಂಟೆಗೆ. ಒಂದು ಗ್ಯಾಲನ್ ಸುಮಾರು 3.8 ಲೀಟರ್. 75 ಅಶ್ವಶಕ್ತಿಗೆ ಗಂಟೆಗೆ 28 ಲೀಟರ್ ಆಯಿತು, ಹಳೆಯ ಎರಡು ಸ್ಟ್ರೋಕ್ ಆದರೆ ಇನ್ನೂ ಹೆಚ್ಚು. 30 ಎಂದಿಟ್ಟುಕೊಂಡರೆ ನಿಮಿಷಕ್ಕೆ 500 ಮಿಲಿ ಲೀಟರ್. ಇದು ಖರ್ಚು. ಬಟ್ಟಲುಗಳಲ್ಲಿ ಮೊದಲೇ ತುಂಬಿರುವುದು ಆರಂಭಿಕ ಶಿಲ್ಕು. ಮೂರೂ ಸೇರಿ 200 ಮಿಲಿ ಲೀಟರ್ ಎಂದು ಲೆಕ್ಕಕ್ಕೋಸ್ಕರ ಹಿಡಿಯೋಣ. ಹೋಸಿನಲ್ಲಿ ಬರುವುದು ಜಮಾ. ದಾರಿಯಲ್ಲಿ ಅಡ್ಡಿಯಿದ್ದು ನಿಮಿಷಕ್ಕೆ 400 ಮಾತ್ರ ಬರುತ್ತಿದ್ದರೆ ಪ್ರತಿ ನಿಮಿಷ 100ರ ಕೊರತೆ. 200ರ ಶಿಲ್ಕು ಎರಡು ನಿಮಿಷದಲ್ಲಿ ಖಾಲಿ. ಆಮೇಲೆ ಜಮಾ ಎಷ್ಟೋ ಖರ್ಚು ಅಷ್ಟೇ ಮಾಡಬೇಕು. ಅದಕ್ಕೇ ಎಂಜಿನ್ ನಿಲ್ಲುವುದಿಲ್ಲ, ಕಡಿಮೆ ವೇಗಕ್ಕೆ ಇಳಿದು ಅಲ್ಲಿ ನೆಲೆಯಾಗುತ್ತದೆ. ಮೆಲ್ಲಗೆ ಓಡಿಸಿದರೆ ಖರ್ಚಿಗಿಂತ ಜಮಾ ಹೆಚ್ಚಾಗಿ ಶಿಲ್ಕು ಮತ್ತೆ ತುಂಬುತ್ತದೆ.

ಪೂರ್ತಿ ಕಟ್ಟಿದ್ದರೆ ಎರಡು ನಿಮಿಷ ಎಲ್ಲಿಂದ ಬರಬೇಕು, ಅರ್ಧ ನಿಮಿಷದಲ್ಲೇ ಮುಗಿಯುತ್ತಿತ್ತು. ಎಷ್ಟು ಹೊತ್ತಿಗೆ ವೇಗ ಬೀಳುತ್ತದೆ ಎನ್ನುವುದೇ ಅಡ್ಡಿ ಎಷ್ಟು ದೊಡ್ಡದು ಎಂದು ಹೇಳುತ್ತದೆ. ನಾನು ಜಾಬ್ ಕಾರ್ಡಿನಲ್ಲಿ "ಎರಡು ನಿಮಿಷ" ಎಂದು ಬರೆದಿದ್ದೆ, ಓದಿರಲಿಲ್ಲ!

ದಡದಲ್ಲಿ ಪರೀಕ್ಷಿಸಿದರೆ ಇಂಥ ದೋಷ ಸಿಗದಿರುವುದಕ್ಕೂ ಇದೇ ಕಾರಣ. ಐಡಲಿಂಗ್‌ನಲ್ಲಿ ಎಂಜಿನ್ ಕುಡಿಯುವುದು ಪೂರ್ಣ ವೇಗದ ಸಣ್ಣ ಪಾಲು. ಕಿರಿದಾದ ಜಾಗದಲ್ಲಿ ದ್ರವ ಎಳೆಯಲು ಬೇಕಾಗುವ ಬಲ ಹರಿವಿನ ವರ್ಗದಂತೆ ಏರುತ್ತದೆ, ಸೈನ್ಸಿನವರು ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಹರಿವು ಎರಡರಷ್ಟಾದರೆ ಎಳೆತ ನಾಲ್ಕರಷ್ಟು, ಹತ್ತರಷ್ಟಾದರೆ ನೂರರಷ್ಟು. ಐಡಲಿಂಗ್‌ನಲ್ಲಿ ಅಡ್ಡಿ ಇದೆ ಎಂದೇ ಗೊತ್ತಾಗುವುದಿಲ್ಲ.

ಮೊದಲು, ಇದು ಪೆಟ್ರೋಲಿನದೇ ತೊಂದರೆಯೇ?

ಅದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಪೆಟ್ರೋಲ್ ಸಾಲದ ಎಂಜಿನ್ ಮೆಲ್ಲಗೆ ಸೊರಗುತ್ತದೆ, ಒಮ್ಮೊಮ್ಮೆ ಏರಿ ಇಳಿದು ಉಯ್ಯಾಲೆಯಾಡುತ್ತದೆ, ಕಾರ್ಬ್ಯುರೇಟರಿನಲ್ಲಿ ಸೀನಿದ ಹಾಗೆ ಶಬ್ದ ಮಾಡುತ್ತದೆ. ಸ್ಪಾರ್ಕ್ ಹೋದರೆ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ, ಅಥವಾ ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಬಡಿಯುತ್ತದೆ. ಎಂಜಿನ್ ಬಿಸಿಯಾದರೆ ಹಲವು ಔಟ್‌ಬೋರ್ಡುಗಳು ತಾವೇ ಆರ್‌ಪಿಎಂ ತಗ್ಗಿಸಿಕೊಳ್ಳುತ್ತವೆ. ಅದನ್ನು ಪೆಟ್ರೋಲ್ ಕೊರತೆ ಎಂದು ತಿಳಿದು ಮೋಸಹೋಗುವುದು ಸುಲಭ. ಆದರೆ ಆಗ ಅಲಾರಾಂ ಕೂಗುತ್ತದೆ, ತಂಪು ನೀರಿನ ಧಾರೆ ಸಣ್ಣದಾಗಿರುತ್ತದೆ. ಪ್ರೊಪೆಲ್ಲರಿನ ಒಳಗಿನ ರಬ್ಬರ್ ಜಾರಿದರೆ ಆರ್‌ಪಿಎಂ ಬೀಳುವುದಿಲ್ಲ, ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ.

ಸಂಶಯವಿದ್ದರೆ ಚೋಕ್ ಇದೆ. ವೇಗ ಬೀಳುತ್ತಿರುವ ಕ್ಷಣದಲ್ಲಿ ಚೋಕ್ ಸ್ವಲ್ಪ ಕೊಟ್ಟಾಗ ಎಂಜಿನ್ ಚೇತರಿಸಿಕೊಂಡರೆ ಅದಕ್ಕೆ ಪೆಟ್ರೋಲ್ ಬೇಕಿತ್ತು ಎಂದರ್ಥ. ಇನ್ನೂ ಕೆಟ್ಟರೆ ಕಾರಣ ಬೇರೆ ಕಡೆ ಹುಡುಕಬೇಕು. ಇನ್ನೊಂದು ಪರೀಕ್ಷೆಯೇ ಬಲ್ಬ್. ವೇಗ ಬಿದ್ದಾಗ ಒಬ್ಬರು ಬಲ್ಬ್ ಒತ್ತುತ್ತಾರೆ. ಎಂಜಿನ್ ಮತ್ತೆ ಏರಿದರೆ ಬಟ್ಟಲುಗಳಿಗೆ ಪೆಟ್ರೋಲ್ ಸಾಲುತ್ತಿರಲಿಲ್ಲ, ಕೈಯಿಂದ ತಳ್ಳಿದ್ದು ಸಾಕಾಯಿತು. ಹಾಗಾದರೆ ಬಟ್ಟಲಿನಿಂದ ಮುಂದೆ, ಅಂದರೆ ಜೆಟ್ಟುಗಳು, ಸರಿಯಿವೆ. ನಾನು ಗುರುವಾರ ಬಿಚ್ಚಿದ್ದು ಸರಿಯಿದ್ದ ಆ ಭಾಗವನ್ನೇ. ಅಷ್ಟೇ ಅಲ್ಲ, ಪೆಟ್ರೋಲ್ ಒಣಗಿ ಅಂಟಾದರೆ ಮೊದಲು ಕಟ್ಟಿಕೊಳ್ಳುವುದು ಅತಿ ಸಣ್ಣ ತೂತಿನ ಐಡಲ್ ಜೆಟ್. ಆಗ ಸ್ಟಾರ್ಟಿಂಗ್ ತೊಂದರೆ, ನಿಧಾನದಲ್ಲಿ ಆಫ್ ಆಗುವುದು, ಮೇಲಿನ ವೇಗ ಪರವಾಗಿಲ್ಲ. ನಮ್ಮ ದೋಣಿಯದು ಅದಕ್ಕೆ ತೀರಾ ವಿರುದ್ಧ.

ಬಲ್ಬನ್ನು ಒತ್ತುವುದಕ್ಕಿಂತ ಮೊದಲು ನೋಡಬೇಕು. ಓಡುವಾಗ ಅದು ಸ್ವಲ್ಪ ಮೆತ್ತಗಿರುವುದು ಸಹಜ. ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಅಡ್ಡಿ ಬಲ್ಬಿಗಿಂತ ಹಿಂದೆ, ಟ್ಯಾಂಕ್ ಕಡೆ ಇದೆ. ಬಹಳ ಸಲ ಅದು ವೆಂಟ್ ಸ್ಕ್ರೂ ಬಿಚ್ಚಲು ಮರೆತದ್ದು. ಪೆಟ್ರೋಲ್ ಹೊರಹೋದಷ್ಟು ಗಾಳಿ ಒಳಬರದಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಎಳೆತ ಗಟ್ಟಿಯಾಗುತ್ತದೆ. ಮಾಮು ಇದಕ್ಕೆ ಹೇಳುವುದು, "ಟಾಂಕಿ ಕೂ ಸಾಂಸ್ ಲೇನೇ ದೇ", ಟ್ಯಾಂಕಿಗೆ ಉಸಿರಾಡಲು ಬಿಡು. ಒಮ್ಮೆ ಒಬ್ಬರು ಬೇರೆ ಊರಿನಿಂದ ದೋಣಿ ಎಳೆಸಿಕೊಂಡು ಬಂದಿದ್ದರು. ಮಾಮು ವೆಂಟ್ ಎರಡು ಸುತ್ತು ತಿರುಗಿಸಿ ಕಳಿಸಿದರು. ಬಿಲ್ಲಿನಲ್ಲಿ ಏನು ಬರೆಯಲಿ ಎಂದು ನಾನು ಕೇಳಿದ್ದಕ್ಕೆ, "ಗಾಳಿ" ಎಂದರು.

ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಅಥವಾ ಬಲ್ಬಿನ ಕವಾಟವೇ ಕೆಟ್ಟಿದೆ. ಕನೆಕ್ಟರಿನ ಓ-ರಿಂಗ್ ಇಲ್ಲಿ ಹಳೆಯ ಅಪರಾಧಿ.

ನಮ್ಮ ದೋಣಿಯ ಬಲ್ಬ್ ಚಪ್ಪಟೆಯಾಗುತ್ತಿರಲಿಲ್ಲ ಎಂದು ಚಾಲಕ ಹೇಳಿದ. ದಡದಲ್ಲಿ ಒತ್ತಿದರೆ ಕಲ್ಲಿನಂತೆ ಗಟ್ಟಿ. ಹಾಗಾದರೆ ಟ್ಯಾಂಕ್ ಕಡೆ ದೋಷವಿಲ್ಲ. ಪಂಪು ಹೊಸದು. ಇನ್ನೇನು ಉಳಿಯಿತು ಎಂದು ನಾನು ಕೇಳಿದೆ. ಮಾಮು ನಕ್ಕು, ಬಲ್ಬಿಗೂ ಪಂಪಿಗೂ ನಡುವೆ ಏನೂ ಇಲ್ಲವೇ ಎಂದರು.

ಸಸ್ಪೆನ್ಸ್ ಖಾತೆ

ಶುಕ್ರವಾರ ಸಂಜೆ ಗ್ಯಾಸ್ಕೆಟ್ ಬಂತು, ಕಾರ್ಬ್ಯುರೇಟರುಗಳು ಮತ್ತೆ ಏರಿದವು. ಎಂಜಿನ್ ಬಂದಾಗ ಹೇಗಿತ್ತೋ ಹಾಗೆಯೇ. ಮಾಲೀಕರು ಬಂದು, ಶನಿವಾರ ಭಾನುವಾರ ಹೇಗಾದರೂ ಓಡಿಸುತ್ತೇವೆ, ಹುಡುಗ ಬಲ್ಬ್ ಒತ್ತುತ್ತಾನೆ, ಸೋಮವಾರ ತಂದುಕೊಡುತ್ತೇವೆ ಎಂದರು. ನನಗೆ ಅದು ನ್ಯಾಯವಾಗಿ ಕಂಡಿತು. ಎರಡು ದಿನದ ಟ್ರಿಪ್ಪುಗಳ ಹಣವನ್ನು ಮನಸ್ಸಿನಲ್ಲೇ ಗುಣಿಸಿ, ಒಂದು ದಿನ ನನ್ನಿಂದಲೇ ಹೋಯಿತಲ್ಲ ಎಂಬ ಅಳುಕೂ ಇದ್ದು, ಕೊಟ್ಟುಬಿಡಿ ಮಾಮು ಎಂದೆ.

ಅವರು ಕೊಡಲಿಲ್ಲ. ಆ ಎಂಜಿನ್‌ನಲ್ಲಿ ಆಯಿಲ್ಲಿಗೆ ಬೇರೆ ದಾರಿಯಿಲ್ಲ. 50 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್ ಬೆರೆಸಿ ಟ್ಯಾಂಕಿಗೆ ಹಾಕುತ್ತಾರೆ. ಪಿಸ್ಟನ್, ಬೇರಿಂಗ್ ಎಲ್ಲಕ್ಕೂ ಆ ಪೆಟ್ರೋಲೇ ಆಯಿಲ್ ಹೊತ್ತು ತರಬೇಕು. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಅದೇ ಹೊತ್ತಿಗೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ದಹನದ ಬಿಸಿ ಏರುತ್ತದೆ. ಪೂರ್ತಿ ಥ್ರಾಟಲಿನಲ್ಲಿ ಈ ಎರಡೂ ಒಟ್ಟಿಗೆ ಬಂದರೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ ಅಥವಾ ಅದರ ತಲೆಯಲ್ಲಿ ತೂತು ಬೀಳುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಪ್ರತ್ಯೇಕ ಸಂಪಿನಲ್ಲಿರುವುದರಿಂದ ಆ ಒಂದು ಭಯ ಕಡಿಮೆ. ಎರಡು ಸ್ಟ್ರೋಕಿಗೆ ಪೆಟ್ರೋಲ್ ಕೊರತೆ ಎಂದರೆ ಸಾವಿನ ಹತ್ತಿರ ಹೋಗಿ ಬಂದಂತೆ. ಬಲ್ಬ್ ಒತ್ತುವ ಹುಡುಗ ಎರಡು ಕ್ಷಣ ಫೋನ್ ನೋಡಿದರೂ ಸಾಕು. ದೋಣಿಯಲ್ಲಿ ಮಕ್ಕಳಿರುತ್ತಾರೆ, ಎಂಜಿನ್ ಸತ್ತ ದೋಣಿಯನ್ನು ಅಲೆ ತನಗೆ ಬೇಕಾದ ಕಡೆ ತಿರುಗಿಸುತ್ತದೆ.

ಅಕೌಂಟೆನ್ಸಿ ಓದುವವರಿಗೆ ಇದು ಗೊತ್ತಿರುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಎರಡೂ ಕಡೆ ಸಮ ಮಾಡುತ್ತೇವೆ. ತಪ್ಪು ಹೋಗಿರುವುದಿಲ್ಲ, ಕಾಣದಂತಾಗಿರುತ್ತದೆ. ಬಲ್ಬ್ ಒತ್ತುವ ಹುಡುಗ ಆ ದೋಣಿಯ ಸಸ್ಪೆನ್ಸ್ ಖಾತೆ. ನಾನು ಹಾಕಿದ ಲೆಕ್ಕದಲ್ಲಿ ಟ್ರಿಪ್ಪಿನ ಜಮಾ ಮಾತ್ರ ಇತ್ತು. ಖರ್ಚಿನ ಕಡೆ ಪುಟ ಖಾಲಿ ಬಿಟ್ಟಿದ್ದೆ.

ಶನಿವಾರದ ಪರೀಕ್ಷೆ

ಬೆಳಿಗ್ಗೆ ದೋಣಿಯನ್ನು ನೀರಿಗಿಳಿಸಿದೆವು. ಇಂಥ ಪರೀಕ್ಷೆ ನೀರಿನಲ್ಲೇ, ಭಾರ ಹೊತ್ತೇ ನಡೆಯಬೇಕು. ದಡದಲ್ಲಿ ಪೈಪಿನ ನೀರು ಕೊಟ್ಟು ಐಡಲಿಂಗ್‌ನಲ್ಲಿ ಇಡಬಹುದೇ ಹೊರತು ಥ್ರಾಟಲ್ ಏರಿಸಬಾರದು. ನೀರೇ ಇಲ್ಲದೆ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಚಕ್ರ ಬೇಗನೆ ಸುಟ್ಟುಹೋಗುತ್ತದೆ. ಎಲ್ಲರೂ ಲೈಫ್ ಜಾಕೆಟ್ ಹಾಕಿದೆವು, ಕಿಲ್ ಸ್ವಿಚ್ಚಿನ ಹಗ್ಗ ಚಾಲಕನ ಸೊಂಟಕ್ಕೆ ಕಟ್ಟಿತ್ತು.

ಅಂಗಡಿಯ ಟೆಸ್ಟ್ ಟ್ಯಾಂಕ್, ಅದರ ಹೋಸ್, ಬಲ್ಬ್ ಎಲ್ಲವನ್ನೂ ಹಾಕಿ ಮೊದಲು ಓಡಿಸಿದೆವು. ಐದು ನಿಮಿಷ ಪೂರ್ತಿ ಥ್ರಾಟಲಿನಲ್ಲೂ ವೇಗ ಬೀಳಲಿಲ್ಲ. ಹೀಗೆ ಒಂದೇ ಏಟಿಗೆ ಎಂಜಿನ್, ಪಂಪು, ಕಾರ್ಬ್ಯುರೇಟರ್ ಎಲ್ಲವೂ ಸಂಶಯದಿಂದ ಹೊರಗೆ. ಬಿಡಿಭಾಗ ಒಂದೂ ಬದಲಿಸಿಲ್ಲ, ಒಂದು ಸ್ಕ್ರೂ ಬಿಚ್ಚಿಲ್ಲ. ಮಾಲೀಕರು ಈ ಮೊದಲು ಪಂಪಿಗೆ ಕೊಟ್ಟ ಹಣವನ್ನು ನೆನೆದು ತಲೆ ಮೇಲೆ ಕೈ ಇಟ್ಟುಕೊಂಡರು.

ನಂತರ ಅವರ ಟ್ಯಾಂಕಿಗೆ ನಮ್ಮ ಹೋಸ್. ಸರಿಯಾಗಿ ಓಡಿತು. ನಮ್ಮ ಟ್ಯಾಂಕಿಗೆ ಅವರ ಹೋಸ್. ಎರಡು ನಿಮಿಷಕ್ಕೆ 3,000.

ಮಾಮು ಅಲ್ಲಿಗೂ ನಿಲ್ಲಿಸಲಿಲ್ಲ. ಹೋಸಿನ ಎಂಜಿನ್ ಕಡೆಯ ತುದಿಗೆ ಒಂದು ಟಿ-ಜಾಯಿಂಟ್ ಹಾಕಿ ನಿರ್ವಾತ ಅಳೆಯುವ ಗೇಜನ್ನೂ, ಒಂದು ಗೇಣು ಪಾರದರ್ಶಕ ಪೈಪನ್ನೂ ಸೇರಿಸಿದರು. ಈ ಎರಡು ಸಾಧನ ಸೇರಿದರೆ ಎಳೆತದ ಭಾಗದ ಸತ್ಯವೆಲ್ಲ ಹೊರಬರುತ್ತದೆ. ಪೈಪಿನಲ್ಲಿ ಗುಳ್ಳೆ ಕಂಡು ಗೇಜ್ ಕಡಿಮೆ ತೋರಿಸಿದರೆ ಗಾಳಿ ಸೋರಿಕೆ. ಗುಳ್ಳೆಯಿಲ್ಲದೆ ಗೇಜ್ ಏರುತ್ತಲೇ ಹೋದರೆ ದಾರಿಯಲ್ಲಿ ಅಡ್ಡಿ. ತೀರಾ ಹೆಚ್ಚು ಎಳೆತವಾದರೆ ಪೆಟ್ರೋಲ್ ಅಲ್ಲೇ ಆವಿಯಾಗಿ ಗುಳ್ಳೆ ಬರುವುದೂ ಉಂಟು, ಒತ್ತಡ ತಗ್ಗಿದರೆ ಕುದಿಯುವ ಉಷ್ಣತೆಯೂ ತಗ್ಗುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಓದಬೇಕು. ಮಾಮು ಇಟ್ಟುಕೊಂಡಿರುವ ಅಳತೆ ಸುಮಾರು 2.5 ಇಂಚು ಪಾದರಸ, ಅದಕ್ಕಿಂತ ಹೆಚ್ಚು ಎಳೆಯಬೇಕಾಗಿ ಬಂದರೆ ಸಂಶಯ. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಹೋಲಿಕೆಗೆ, ಇಡೀ ವಾಯುಮಂಡಲದ ಒತ್ತಡವೇ ಸುಮಾರು 30 ಇಂಚು.

ಐಡಲಿಂಗ್‌ನಲ್ಲಿ ಮುಳ್ಳು ಒಂದರ ಕೆಳಗಿತ್ತು. ಥ್ರಾಟಲ್ ಏರಿಸಿದಂತೆ ಮೂರು, ನಾಲ್ಕು, ಆಮೇಲೆ ಏಳು. ಪೈಪಿನಲ್ಲಿ ಗುಳ್ಳೆಯಿಲ್ಲ. ಗೇಜನ್ನು ಬಲ್ಬಿನ ಬಾಯಿಗೆ ಬದಲಾಯಿಸಿ ಮತ್ತೆ ಓಡಿಸಿದಾಗ ಒಂದೂವರೆ ದಾಟಲಿಲ್ಲ. ಹಾಗಾದರೆ ಅಡ್ಡಿ ಆ ಎರಡು ಬಿಂದುಗಳ ನಡುವಿನ ಹೋಸಿನಲ್ಲೇ. ಹೊರಗಿನಿಂದ ನೋಡಿದರೆ ಒಂದು ಬಿರುಕಿಲ್ಲ, ಮಡಿಕೆಯಿಲ್ಲ. ಬಾಯಲ್ಲಿ ಊದಿದರೆ ಗಾಳಿ ಸರಾಗ.

ಮಾಮು ಬ್ಲೇಡಿನಿಂದ ಅದನ್ನು ಉದ್ದಕ್ಕೆ ಸೀಳಿದರು. ಹೋಸಿಗೆ ಎರಡು ಪದರ. ಒಳಗಿನ ತೆಳು ಪದರ ಒಂದು ಕಡೆ ಹೊರಪದರದಿಂದ ಬಿಟ್ಟುಕೊಂಡು ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಬಲ್ಬ್ ಒತ್ತಿದರೆ ಒಳಗಿನ ಒತ್ತಡ ಅದನ್ನು ಗೋಡೆಗೆ ಅಂಟಿಸುತ್ತದೆ, ದಾರಿ ತೆರೆಯುತ್ತದೆ. ಪಂಪು ಎಳೆದರೆ ಅದೇ ಪದರ ಒಳಕ್ಕೆ ಬಾಗಿ ದಾರಿ ಮುಚ್ಚುತ್ತದೆ, ಜೋರಾಗಿ ಎಳೆದಷ್ಟೂ ಗಟ್ಟಿಯಾಗಿ. ಬಲ್ಬಿನ ಪರೀಕ್ಷೆಯಲ್ಲಿ ಅದು ಪಾಸಾಗುತ್ತಲೇ ಇದ್ದುದಕ್ಕೆ ಕಾರಣ ಇದೇ, ನಾವು ಪರೀಕ್ಷಿಸುತ್ತಿದ್ದದ್ದು ತಳ್ಳಿ, ಅದು ಸೋಲುತ್ತಿದ್ದದ್ದು ಎಳೆದಾಗ.

ಪೆಟ್ರೋಲಿನಲ್ಲಿರುವ ಎಥನಾಲ್

ಇಂಥ ಹೋಸುಗಳು ಈಗ ಹೆಚ್ಚು ಬರುತ್ತಿವೆ ಎನ್ನುತ್ತಾರೆ ಮಾಮು. ಎಥನಾಲ್ ಬೆರೆತ ಪೆಟ್ರೋಲಿಗೆ ತಯಾರಾಗದ ಹಳೆಯ ರಬ್ಬರನ್ನು ಎಥನಾಲ್ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಶೇಕಡಾ 20 ಎಥನಾಲ್ ಇರುವ ಪೆಟ್ರೋಲನ್ನು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಸಮಾವೇಶದಲ್ಲಿ ಬಿಡುಗಡೆ ಮಾಡಿದ್ದು ನಿಮಗೆ ನೆನಪಿರಬಹುದು. ಹೊಸ ಹೋಸ್ ಕೊಳ್ಳುವಾಗ ಎಥನಾಲ್ ತಾಳುವ, ದೋಣಿಗೆಂದೇ ಮಾಡಿದ ಹೋಸ್ ಕೇಳಿ ತೆಗೆದುಕೊಳ್ಳಬೇಕು. ತೋಟಕ್ಕೆ ನೀರು ಬಿಡುವ ಪೈಪು ಹಾಕಿಕೊಂಡು ಬರುವವರಿಗೆ ಏನು ಹೇಳುವುದೋ ತಿಳಿಯದು.

ಎಥನಾಲಿನ ಇನ್ನೊಂದು ಗುಣ ನೀರನ್ನು ಹೀರುವುದು. ಶುದ್ಧ ಪೆಟ್ರೋಲಿನಲ್ಲಿ ನೀರು ಬೆರೆಯದೆ ತಳಕ್ಕೆ ಹೋಗುತ್ತದೆ. ಎಥನಾಲ್ ಇದ್ದರೆ ಒಂದು ಮಿತಿಯವರೆಗೆ ಬೆರೆತುಕೊಂಡೇ ಇರುತ್ತದೆ, ಮಿತಿ ಮೀರಿದ ದಿನ ನೀರೂ ಎಥನಾಲೂ ಜೊತೆಯಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನ ಕೊಳವೆ ಎಳೆಯುವುದು ತಳದಿಂದಲೇ. ಮಳೆಗಾಲದ ತೇವದಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ಇದಕ್ಕೆ ಅವಕಾಶ ಹೆಚ್ಚು. ಪರೀಕ್ಷೆ ಸುಲಭ: ಟ್ಯಾಂಕಿನ ತಳದಿಂದ ಒಂದಿಷ್ಟು ಗಾಜಿನ ಬಾಟಲಿಗೆ ತೆಗೆದು ಹೊತ್ತು ಬಿಟ್ಟು ನೋಡುವುದು. ಎರಡು ಪದರ ಕಂಡರೆ ಆ ಪೆಟ್ರೋಲ್ ಎಂಜಿನ್‌ಗೆ ಬೇಡ. ನಮ್ಮ ದೋಣಿಯ ಬಾಟಲಿಯಲ್ಲಿ ಒಂದೇ ಪದರವಿತ್ತು.

ದೊಡ್ಡ ಎಂಜಿನ್‌ಗಳಲ್ಲಿ

200, 300 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಇಂಜೆಕ್ಟರುಗಳಿವೆ. ಆದರೂ ಮೊದಲ ಅರ್ಧ ದಾರಿ ಇದೇ. ಟ್ಯಾಂಕ್, ಹೋಸ್, ಬಲ್ಬ್, ನೀರು ಬೇರ್ಪಡಿಸುವ ಫಿಲ್ಟರ್, ಕಡಿಮೆ ಒತ್ತಡದ ಪಂಪು. ಅದರ ನಂತರ ವೇಪರ್ ಸೆಪರೇಟರ್ ಎಂಬ ಸಣ್ಣ ತೊಟ್ಟಿ, ನಮ್ಮ ಕಾರ್ಬ್ಯುರೇಟರ್ ಬಟ್ಟಲಿನ ಜಾಗದಲ್ಲಿ. ಆರಂಭಿಕ ಶಿಲ್ಕು ಇರುವುದು ಅಲ್ಲಿ, ಆದ್ದರಿಂದ ಎರಡು ನಿಮಿಷದ ಲೆಕ್ಕ ಅಲ್ಲಿಯೂ ನಡೆಯುತ್ತದೆ. ತೊಟ್ಟಿಯಿಂದ ವಿದ್ಯುತ್ ಪಂಪು ಹೆಚ್ಚಿನ ಒತ್ತಡದಲ್ಲಿ ಇಂಜೆಕ್ಟರುಗಳಿಗೆ ಕಳಿಸುತ್ತದೆ. ಟೆಸ್ಟ್ ಟ್ಯಾಂಕ್ ಹಾಕಿಯೂ ದೋಷ ಹೋಗದಿದ್ದರೆ ಮಾತ್ರ ಆ ಭಾಗದ ಒತ್ತಡ ಅಳೆಯುವುದು, ಅದೂ ಪೂರ್ಣ ವೇಗದಲ್ಲಿ. ಒತ್ತಡ ಬೀಳುತ್ತಿದ್ದರೆ ಪಂಪು ಬದಲಿಸುವ ಮೊದಲು ಅದಕ್ಕೆ ಬರುವ ವೋಲ್ಟೇಜ್ ನೋಡಬೇಕು. ಉಪ್ಪುಗಾಳಿಗೆ ಹಸಿರು ಹಿಡಿದ ಒಂದು ವಯರ್ ಜಾಯಿಂಟ್ ದುಬಾರಿ ಪಂಪನ್ನು ಕೆಟ್ಟದ್ದೆಂದು ತೋರಿಸಬಲ್ಲದು. ಒತ್ತಡ ಇಳಿಸದೆ ಆ ಪೈಪುಗಳನ್ನು ಬಿಚ್ಚಬಾರದು, ಪೆಟ್ರೋಲ್ ಚಿಮ್ಮುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಒಂದು ಕಿಡಿ ಸಾಕು. ನಮ್ಮ ಅಂಗಡಿಯಲ್ಲಿ ಪೆಟ್ರೋಲ್ ಕೆಲಸ ನಡೆಯುವಾಗ ಫೋನ್ ಚಾರ್ಜರ್ ಕೂಡ ಕಿತ್ತಿಡುತ್ತಾರೆ.

ಕಾರ್ಬ್ಯುರೇಟರ್ ಎಂಜಿನ್‌ನಲ್ಲಿ ಟೆಸ್ಟ್ ಟ್ಯಾಂಕ್ ಹಾಕಿದರೂ ವೇಗ ಬಿದ್ದರೆ ಸರದಿ ಫಿಲ್ಟರಿನದು, ಪಂಪಿನ ಪೊರೆಯದು, ಆಮೇಲೆ ಕಾರ್ಬ್ಯುರೇಟರಿನದು. ಪೊರೆ ಹರಿದಿದ್ದರೆ ಪೆಟ್ರೋಲ್ ನೇರವಾಗಿ ಕ್ರ್ಯಾಂಕ್‌ಕೇಸಿಗೆ ಹೋಗಿ, ಪಂಪಿಗೆ ಮಿಡಿತ ಕೊಡುವ ಸಿಲಿಂಡರಿನ ಪ್ಲಗ್ ಮಾತ್ರ ಒದ್ದೆಯಾಗಿ ಕಪ್ಪಾಗಿರುತ್ತದೆ.

ನಮ್ಮ ದೋಣಿಗೆ ಬಂದರಿನ ಅಂಗಡಿಯಲ್ಲೇ ಹೋಸ್ ಸಿಕ್ಕಿತು. ಸಂಜೆ ಹಾಕಿ ಸಮುದ್ರಕ್ಕೆ ಹೋದೆವು. ಹತ್ತು ನಿಮಿಷ ಪೂರ್ತಿ ಥ್ರಾಟಲ್, ಮುಳ್ಳು ಎರಡರ ಕೆಳಗೆ. ಥ್ರಾಟಲಿನಲ್ಲಿರುವಾಗಲೇ ಎಂಜಿನ್ ಆಫ್ ಮಾಡಿ ಮಾಮು ಪ್ಲಗ್ ತೆಗೆದು ನೋಡಿದರು. ಮೂರೂ ಚಹಾದ ಬಣ್ಣಕ್ಕಿದ್ದವು. ಬಿಳಿಚಿಕೊಂಡಿದ್ದರೆ ಇನ್ನೂ ಪೆಟ್ರೋಲ್ ಸಾಲುತ್ತಿಲ್ಲ ಎಂದಾಗುತ್ತಿತ್ತು. ಕಂಪ್ರೆಷನ್ ಅಳೆದಾಗ ಮೂರು ಸಿಲಿಂಡರೂ ಹತ್ತಿರ ಹತ್ತಿರ ಒಂದೇ. ಎರಡು ವಾರ ಹಾಗೆ ಓಡಿಸಿದ್ದರೂ ಪಿಸ್ಟನ್ ಉಳಿದಿತ್ತು.

ಬಿಲ್ ನಾನೇ ಬರೆದೆ. ಹೋಸ್, ಕೂಲಿ. ಕಾರ್ಬ್ಯುರೇಟರ್ ಬಿಚ್ಚಿದ ಕೂಲಿಯ ಸಾಲನ್ನು ಮಾಮು ಹೊಡೆದುಹಾಕಿಸಿದರು, ಗ್ಯಾಸ್ಕೆಟ್ ಹಣವನ್ನು ನನ್ನ ರಜೆಯ ಸಂಬಳದಿಂದ ಕಳೆದರು. ಮಾಲೀಕರಿಗೆ ಆ ವಾರಾಂತ್ಯದಲ್ಲಿ ಸಿಕ್ಕಿದ್ದು ಭಾನುವಾರ ಒಂದೇ. ಗುರುವಾರ ಆ ಒಂದು ಪ್ರಶ್ನೆ ಕೇಳಿದ್ದರೆ ಶನಿವಾರವೂ ಸಿಗುತ್ತಿತ್ತು. ಅದಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ. ಈಗ ಜಾಬ್ ಕಾರ್ಡಿನ ಮೇಲ್ಭಾಗದಲ್ಲಿ ಒಂದು ಹೊಸ ಪ್ರಶ್ನೆ ಅಚ್ಚಾಗಿದೆ: ಇಷ್ಟು ದಿನ ಹೇಗೆ ಸುಧಾರಿಸಿಕೊಂಡು ಓಡಿಸಿದಿರಿ?

ಸೀಳಿದ ಹೋಸಿನ ಒಂದು ತುಂಡು ನನ್ನ ಬ್ಯಾಗಿನಲ್ಲಿದೆ. ಒಳಗಿನ ನಾಲಿಗೆಯನ್ನು ಬೆರಳಿನಿಂದ ಎತ್ತಿ ನೋಡಬಹುದು. ಬೇಕಾದವರು ಊಟದ ವಿರಾಮದಲ್ಲಿ ಕಾಮರ್ಸ್ ಬ್ಲಾಕಿನ ಹತ್ತಿರ ಬನ್ನಿ. ಪೆಟ್ರೋಲ್ ವಾಸನೆ ಇನ್ನೂ ಹೋಗಿಲ್ಲ, ಅಮ್ಮಿ ಅದನ್ನು ಮನೆಯೊಳಗೆ ಇಡಲು ಬಿಡುತ್ತಿಲ್ಲ.